ಕೊಂಡುಕುರಿ ನೋಡಲು ಒಬ್ಬನೇ ಹೋದ ದಿನ

ಜನರ ಸಹವಾಸವೇ ಬೇಡ, ಒಂದು ದಿನ ಒಬ್ಬನೇ ಇರೋಣ ಎಂದು ನಾನು ಹೊರಟಾಗಲೆಲ್ಲ ಯಾರಾದರೂ ಅಡ್ಡ ಬಂದು ನಗಿಸದೆ ಬಿಟ್ಟಿಲ್ಲ. ಅಳಬೇಕೆಂದೇ ಹೊರಟ ದಿನವೂ ಬಿಡಲಿಲ್ಲ.

ನಾನು ನ್ಯಾಮತಿಯವನು. ಮೂವತ್ತೊಂದು ವರ್ಷ ಪ್ರೈವೇಟ್ ಬಸ್ ಓಡಿಸಿದವನು. ಹೊನ್ನಾಳಿ, ಚನ್ನಗಿರಿ, ಜಗಳೂರು, ಎಲ್ಲ ರೂಟೂ ಮಾಡಿದ್ದೇನೆ. ಬಸ್ಸಿನ ಕೆಲಸ ಬಿಟ್ಟ ಮೇಲೆ ಹಳೆಯದೊಂದು ಬಿಳಿ ಓಮ್ನಿ ಇಟ್ಟುಕೊಂಡಿದ್ದೆ. ಈಗ ಅದನ್ನೂ ಮಾರಿಯಾಗಿದೆ.

ಹೋದ ಬೇಸಿಗೆಯಲ್ಲಿ ದಾವಣಗೆರೆಯ ಕಣ್ಣಿನ ಡಾಕ್ಟರು ನನ್ನನ್ನು ಕೂರಿಸಿಕೊಂಡು ಸಮಾಧಾನವಾಗಿ ಹೇಳಿದರು: ಕಣ್ಣಿನ ನರ ಒಣಗುತ್ತಿದೆ, ಎಡಗಣ್ಣು ಬಹುಪಾಲು ಹೋಗಿದೆ, ಬಲಗಣ್ಣೂ ಅದೇ ದಾರಿಯಲ್ಲಿದೆ. "ಗಾಡಿ ಓಡಿಸಬಹುದಾ ಸಾರ್?" ಎಂದೆ. "ಹಗಲು ಹೊತ್ತಲ್ಲಿ, ನಿಧಾನಕ್ಕೆ, ಈ ತಿಂಗಳು ಮಾತ್ರ. ಆಮೇಲೆ ಸ್ಟೇರಿಂಗ್ ಮುಟ್ಟಬೇಡಿ" ಎಂದರು.

ಈ ಮಾತನ್ನು ಮನೆಯಲ್ಲಿ ಹೇಳಲು ಬಾಯಿ ಬರಲಿಲ್ಲ. ಹೇಳಿಬಿಟ್ಟರೆ ಅದು ನಿಜವಾಗಿಬಿಡುತ್ತದೆ ಎಂಬ ಭಯ. ಜಗಳೂರಿನ ದಾರಿಯಲ್ಲಿ ಒಂದು ಬೋರ್ಡಿತ್ತು. ಅದರ ಮೇಲೆ ಜಿಂಕೆಯಂಥ, ನಾಲ್ಕು ಕೊಂಬಿನ ಕೊಂಡುಕುರಿಯ ಚಿತ್ರ, ಪಕ್ಕದಲ್ಲಿ ಕಾಡಿನ ಕಡೆಗೊಂದು ಬಾಣ. ನನ್ನ ಬಸ್ಸು ಆ ಬಾಣದ ಕಡೆ ಒಂದು ದಿನವೂ ತಿರುಗಿರಲಿಲ್ಲ. ಕಣ್ಣಿರುವಾಗಲೇ ಒಮ್ಮೆ ನೋಡಿಬಿಡೋಣ ಎನಿಸಿತು. ಒಂದು ಬೆಳಿಗ್ಗೆ ತಿಂಡಿ ಮುಗಿಸಿ ಒಬ್ಬನೇ ಹೊರಟೆ.

ಕತ್ತಲಗೆರೆಗೆ ಎರಡು

ಸುತ್ತಾದರೂ ಹಳೆಯ ರೂಟಿನಲ್ಲೇ ಹೋದೆ. ಬಸವಾಪಟ್ಟಣದ ಸ್ಟಾಪ್ ಬಂತು. ಮನಸ್ಸು ಎಲ್ಲೋ ಇತ್ತು, ಕಾಲು ತಾನೇ ಬ್ರೇಕ್ ಒತ್ತಿತು. ತಪ್ಪು ಅರಿವಾಗುವಷ್ಟರಲ್ಲಿ ಹಿಂದಿನ ಬಾಗಿಲು ಸರ್ರನೆ ಸರಿಯಿತು. ಒಬ್ಬ ಅಜ್ಜಿ, ಹಿಂದೆ ಅವರ ಸೊಸೆ, ಆಮೇಲೆ ಎರಡು ಚೀಲ.

"ಕತ್ತಲಗೆರೆಗೆ ಎರಡು" ಎಂದರು ಅಜ್ಜಿ.

ಇಳಿಯಿರಿ ಎನ್ನಲು ಮನಸ್ಸಾಗಲಿಲ್ಲ. ಸುಮ್ಮನೆ ಗೇರ್ ಹಾಕಿದೆ. ದಾರಿಯುದ್ದಕ್ಕೂ ಅಜ್ಜಿ ಕನ್ನಡಿಯಲ್ಲಿ ನನ್ನ ಮುಖವನ್ನೇ ನೋಡುತ್ತಿದ್ದರು. ಕತ್ತಲಗೆರೆಯಲ್ಲಿ ಇಳಿದು ಕಿಟಕಿಯ ಹತ್ತಿರ ಬಂದರು.

"ನೀನು ಮೊದ್ಲು ದೊಡ್ಡ ಬಸ್ ಓಡಿಸ್ತಿದ್ದ ಡ್ರೈವರಲ್ಲೇನಪ್ಪಾ?"

"ಹೌದಮ್ಮ."

ಅಜ್ಜಿ ಓಮ್ನಿಯನ್ನು ಹಿಂದಿನಿಂದ ಮುಂದಿನವರೆಗೆ ಒಮ್ಮೆ ನೋಡಿದರು. ದನಿ ತಗ್ಗಿಸಿ ಕೇಳಿದರು: "ಇಷ್ಟು ಸಣ್ಣದಕ್ಕೆ ಇಳಿಸ್ಯಾರಲ್ಲೋ! ಅಂಥಾದ್ದೇನು ತಪ್ಪು ಮಾಡಿದ್ಯಪ್ಪಾ?"

ಸತ್ತವನ ಫೋನು

ಹೆಂಡತಿಗೆ ನಾನೊಂದು ಸುಳ್ಳು ಹೇಳಿ ಬಂದಿದ್ದೆ. ಕಾಡು ನೋಡಲು ಹೋಗ್ತೀನಿ ಎಂದರೆ ಯಾಕೆ, ಏನು ಎಂದು ಕೇಳುತ್ತಾಳೆ. ಮದುವೆ ಎಂದರೆ ಜೊತೆಗೆ ಹೊರಡುತ್ತಾಳೆ. ಹಾಗಾಗಿ "ಜಗಳೂರು ಕಡೆ ಒಂದು ಮಣ್ಣು ಐತೆ" ಎಂದಿದ್ದೆ. ಯಾರು ಸತ್ತದ್ದು ಎಂದು ಕೇಳಿದಳು. ಬಾಯಿಗೆ ತಕ್ಷಣ ಬಂದದ್ದು ನನ್ನ ಜೊತೆ ಹದಿನಾಲ್ಕು ವರ್ಷ ದುಡಿದ ಕಂಡಕ್ಟರ್. ಒಳ್ಳೆಯ ಮನುಷ್ಯ, ಗಟ್ಟಿಮುಟ್ಟಾಗಿದ್ದಾನೆ. "ಅಯ್ಯೋ ಪಾಪ" ಎಂದು ಅವಳು ಕಣ್ಣೊರೆಸಿಕೊಂಡಳು. ಅವಳ ಕಣ್ಣೀರು ಒಣಗುವ ಮೊದಲೇ ನಾನು ಗಾಡಿ ಹತ್ತಿದ್ದೆ.

ದಾವಣಗೆರೆ ದಾಟಿದ ಮೇಲೆ ಊರುಗಳು ದೂರದೂರವಾದವು. ಕೆಂಪು ನೆಲ, ಕಲ್ಲು, ಜಾಲಿ, ಅಲ್ಲೊಂದು ಇಲ್ಲೊಂದು ಬೇವು. ಗುಡ್ಡದ ಮೇಲಿನ ಗಾಳಿ ಫ್ಯಾನುಗಳು ಗಾಳಿಯಿಲ್ಲದೆ ನಿಂತುಬಿಟ್ಟಿದ್ದವು. ಎಡಗಡೆ ಏನಿದೆ ಎಂದು ತಿಳಿಯಲು ಪೂರ್ತಿ ಕತ್ತು ತಿರುಗಿಸಬೇಕಾಗುತ್ತಿತ್ತು. ಗಾಡಿ ಪಕ್ಕಕ್ಕೆ ಹಾಕಿ, ನೀರು ಕುಡಿಯುತ್ತ ಸುಮ್ಮನೆ ಕುಳಿತಿದ್ದೆ. ಫೋನ್ ಬಂತು. ಆ ಕಂಡಕ್ಟರನದೇ.

"ಎಲ್ಲಿದ್ದೀಯಣ್ಣಾ?"

"ಇಲ್ಲೇ... ಯಾಕೋ?"

"ನೀನು ಫೋನ್ ಎತ್ಲಿಲ್ಲ ಅಂತ ಮನೆಗೆ ಮಾಡಿದ್ದೆ. ಅತ್ತಿಗೆ ನನ್ನ ದನಿ ಕೇಳಿ ಕಿಟಾರ್ ಅಂತ ಕಿರುಚಿ ಫೋನ್ ಬಿಸಾಕಿದ್ರು. ಆಮೇಲೆ ಪಕ್ಕದ ಮನೆಯೋರು ಎತ್ತಿ ವಿಷಯ ಹೇಳಿದ್ರು."

ಬೈಯುತ್ತಾನೆ ಎಂದುಕೊಂಡೆ. ಅವನು ಬಹಳ ಮರ್ಯಾದೆಯಿಂದ ಕೇಳಿದ:

"ಅಲ್ಲಣ್ಣಾ, ಮಣ್ಣು ಎಷ್ಟು ಗಂಟೆಗೆ ಇಟ್ಕಂಡೀರಿ? ನಾನಂತೂ ಬರಾಕೇ ಬೇಕಲ್ಲ!"

ನಿಂಬೆಹಣ್ಣು

ಕಾಡಿಗೆ ಇನ್ನೇನು ಸ್ವಲ್ಪ ದೂರ ಎನ್ನುವಾಗ ಒಂದು ಸಣ್ಣ ಊರು. ದಾರಿ ಕೇಳೋಣ ಎಂದು ಕಟ್ಟೆಯ ಹತ್ತಿರ ನಿಲ್ಲಿಸಿದೆ. ನಾಲ್ಕೈದು ಜನ ಸುತ್ತುವರಿದರು.

"ಒಬ್ರೇ ಬಂದೀರಾ?"

"ಹೌದು."

"ಕಾಡಿಗೆ? ಈ ಬಿಸ್ಲಾಗೆ?"

ಒಬ್ಬ ಗಾಡಿಯ ಡಿಕ್ಕಿ ಬಾಗಿಲು ಎತ್ತಿಯೇಬಿಟ್ಟ. ಒಳಗೆ ಕಬ್ಬಿಣದ ರಾಡು, ಜಾಕು, ದೊಡ್ಡ ಬ್ಯಾಟರಿ ಲೈಟು. ಪಕ್ಕದಲ್ಲಿ ಕುಂಕುಮದ ಡಬ್ಬಿ, ಊದುಬತ್ತಿ, ಏಳು ನಿಂಬೆಹಣ್ಣು. ಅಮಾವಾಸ್ಯೆಗೆ ಗಾಡಿ ಪೂಜೆ ಮಾಡುವ ಡ್ರೈವರನ ಬಳಿ ಇನ್ನೇನಿರುತ್ತದೆ? ಅವರಿಗೆ ಮಾತ್ರ ಸಂಶಯವೇ ಉಳಿಯಲಿಲ್ಲ.

"ನಿಧಿ ತೆಗೆಯಾಕೆ ಬಂದಾನೆ!"

ಗಲಾಟೆಯಾಯಿತು. ಪೊಲೀಸರಿಗೆ ಫೋನ್ ಮಾಡಿ ಎಂದ ಒಬ್ಬ. ನಾನು ಬೆವರುತ್ತ ಲೈಸೆನ್ಸ್ ತೋರಿಸಿದೆ. ಮೂವತ್ತೊಂದು ವರ್ಷದ ಸರ್ವೀಸ್ ಹೇಳಿಕೊಂಡೆ. ಕೊನೆಗೆ ಹಿರಿಯರೊಬ್ಬರು ಎಲ್ಲರನ್ನೂ ಗದರಿ ಸುಮ್ಮನಾಗಿಸಿದರು. ನನ್ನ ಹೆಗಲ ಮೇಲೆ ಕೈಹಾಕಿ ಸ್ವಲ್ಪ ದೂರ ಕರೆದುಕೊಂಡು ಹೋದರು.

"ನೋಡ್ರಿ, ನಿಮ್ಮನ್ನ ನೋಡಿದ್ರೆ ಮರ್ಯಾದಸ್ಥರ ಹಂಗೆ ಕಾಣ್ತೀರಿ. ಅದ್ಕೇ ಹೇಳ್ತೀನಿ. ಸುಮ್ನೆ ಸೊಂಟ ನೋಯಿಸ್ಕಬ್ಯಾಡ್ರಿ. ಅಲ್ಲೆಲ್ಲಾ ನಾವೇ ಅಗೆದು ನೋಡೀವಿ, ಏನೂ ಇಲ್ಲ."

ನಾಲ್ಕು ಕೊಂಬು

ಕಾಡೆಂದರೆ ನೆರಳು ಎಂದುಕೊಂಡಿದ್ದೆ. ಅಲ್ಲಿದ್ದದ್ದು ಕುರುಚಲು, ಒಣಹುಲ್ಲು, ಬಂಡೆ, ಬಿಸಿಲು. ಒಂದೆರಡು ಗಂಟೆ ಅಲೆದೆ. ಒಂದು ನವಿಲು ಕೂಗಿದ್ದು ಬಿಟ್ಟರೆ ಏನೂ ಇಲ್ಲ. ಕಾಡಿನ ಅಂಚಿನ ದಿಬ್ಬದ ಮೇಲೆ ಕುರಿ ಕಾಯುವ ಅಜ್ಜನೊಬ್ಬ ಕಂಬಳಿ ಹಾಸಿಕೊಂಡು ಕುಳಿತಿದ್ದ. ನಾನು ಬಂದ ಕಾರಣ ಕೇಳಿ ಪಕ್ಕದಲ್ಲಿ ಜಾಗ ಮಾಡಿಕೊಟ್ಟ. ಸ್ವಲ್ಪ ಹೊತ್ತಾದ ಮೇಲೆ ತಟ್ಟನೆ ಕೈ ಚಾಚಿದ.

"ಅಲ್ಲೈತೆ ನೋಡ್ರಿ! ಆ ಜಾಲಿ ಗಿಡದ ಬುಡದಾಗೆ. ಸದ್ದು ಮಾಡಬ್ಯಾಡ್ರಿ."

ನೋಡಿದೆ. ಕಣ್ಣು ಕಿರಿದು ಮಾಡಿದೆ, ಕತ್ತು ಅತ್ತಿತ್ತ ತಿರುಗಿಸಿದೆ. ಕಂದು ನೆಲ, ಕಂದು ಕಲ್ಲು, ಸುತ್ತಲೂ ಮಬ್ಬು. ಅಷ್ಟು ದೂರ ಬಂದೂ ಕಾಣುತ್ತಿಲ್ಲ.

"ಕಾಣ್ತಾ?"

"ಕಾಣ್ತು" ಎಂದೆ. ಡ್ರೈವರನ ಜಂಭ ಅಷ್ಟು ಬೇಗ ಸಾಯುವುದಿಲ್ಲ.

"ಕೊಂಬು?"

"ನಾಲ್ಕೂ ಕಂಡ್ವು. ಮುಂದಿನವೆರಡು ಸಣ್ಣವು."

ಅಜ್ಜ ನನ್ನ ಮುಖವನ್ನೇ ನೋಡಿದ. ಯಾಕೋ ನನಗೆ ತಡೆಯಲಾಗಲಿಲ್ಲ, ದುಃಖ ಉಕ್ಕಿ ಬಂತು.

"ಸುಳ್ಳು ಹೇಳಿದೆ ಅಜ್ಜಾ. ನನಗೇನೂ ಕಾಣ್ಲಿಲ್ಲ. ಕಣ್ಣು ಹೋಗ್ತಾ ಐತೆ. ಗಾಡಿ ಓಡಿಸೋದು ಇದೇ ತಿಂಗಳು ಕೊನೆ. ಮನೆಯಾಗೂ ಹೇಳಿಲ್ಲ."

ಅದುವರೆಗೆ ಯಾರ ಮುಂದೆಯೂ ಆಡದ ಮಾತು. ಆಡಿ ಮುಗಿಸಿ, ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಅಜ್ಜ ಗಾಬರಿಯಾಗಿ ನನ್ನ ಮೊಣಕಾಲು ಹಿಡಿದುಕೊಂಡ.

"ಅಳಬ್ಯಾಡ್ರಿ, ಅಳಬ್ಯಾಡ್ರಿ! ಅಲ್ಲಿ ಏನೂ ಇರ್ಲಿಲ್ಲ ರೀ! ಅದು ಕಲ್ಲು!"

ನಾನು ಟವೆಲ್ ತೆಗೆದೆ.

"ಹುಟ್ಟಿದಾಗಿನಿಂದ ಇಲ್ಲೇ ಕುರಿ ಕಾಯ್ತೀನಿ, ನಾನೇ ಒಂದು ಸಲಾನೂ ಕೊಂಡುಕುರಿ ಕಂಡಿಲ್ಲ. ದೂರದಿಂದ ಬಂದೋರು ಸಪ್ಪೆ ಮುಖ ಹೊತ್ಕಂಡು ಹೋಗ್ತಾರಲ್ಲ ಅಂತ ಆ ಕಲ್ಲು ತೋರ್ಸ್ತೀನಿ. ಎಲ್ರೂ ಕಂಡಿತು ಕಂಡಿತು ಅಂತಾರೆ. ಹೋದ ವಾರ ಒಬ್ರು ಅದು ಕಿವಿ ಅಲ್ಲಾಡಿಸ್ತು ಅಂದ್ರು, ಫೋಟೋನೂ ಹೊಡ್ಕಂಡ್ರು."

ಅಜ್ಜ ನನ್ನ ಬೆನ್ನು ಸವರಿ, ಮನಸಾರೆ ಧೈರ್ಯ ಹೇಳಿದ:

"ಏನೂ ಕಾಣ್ಲಿಲ್ಲ ಅಂದೋರು ಇವತ್ತಿನ ತನಕ ನೀವೊಬ್ರೇ. ಇಲ್ಲಿಗೆ ಬಂದೋರಾಗೆ ಕಣ್ಣು ನೆಟ್ಟಗಿರೋದು ನಿಮಗೊಬ್ರಿಗೇ ರೀ!"