ಕಾಕಾನ ಬಿಲ್ಲಿಗೆ ಎರಡು ರೆಕ್ಕೆ

ನಮ್ಮ ಯಜಮಾನರ ಕಾಕಾ, ಅಂದರೆ ಚಿಕ್ಕಪ್ಪ, ದೊಡ್ಡ ಬಿಲ್ಲುಗಾರರು. ನಂಬದಿದ್ದರೆ ಭಾಲ್ಕಿಯ ನಮ್ಮ ಓಣಿಯಲ್ಲಿ ಯಾರನ್ನಾದರೂ ಕೇಳಿ. ಇಷ್ಟು ವರ್ಷದಲ್ಲಿ ಅವರು ಒಂದು ಹಕ್ಕಿಯನ್ನೂ ಹೊಡೆದವರಲ್ಲ, ಒಂದು ಮೊಲವನ್ನೂ ಹೆದರಿಸಿದವರಲ್ಲ. ಅವರ ಗುರಿ ಯಾವಾಗಲೂ ಆಕಾಶ. ಆ ಗುರಿ ಮಾತ್ರ ಒಮ್ಮೆಯೂ ತಪ್ಪಿದ್ದಿಲ್ಲ!

ಬಿಲ್ಲು ಎಂದ ಕೂಡಲೇ ನಿಮ್ಮ ಕಣ್ಣಿಗೆ ಕ್ಯಾಲೆಂಡರಿನ ರಾಮದೇವರು ಬರಬಹುದು. ಅಂಥದ್ದಲ್ಲ. ಇದು ಅಡ್ಡಬಿಲ್ಲು. ಬಂದೂಕಿನಂಥ ಒಂದು ಮರದ ದಂಡ, ಅದರ ಮುಂದಿನ ತುದಿಗೆ ಎಡಕ್ಕೊಂದು ಬಲಕ್ಕೊಂದು ಬಿದಿರಿನ ರೆಕ್ಕೆ, ಎರಡು ರೆಕ್ಕೆಗೂ ಬಿಗಿದು ಕಟ್ಟಿದ ಹೆದೆ. ಹೆದೆಯನ್ನು ಹಿಂದಕ್ಕೆಳೆದು ಕೊಕ್ಕೆಗೆ ಸಿಕ್ಕಿಸಿ ಕೆಳಗಿನ ಕೀಲು ಒತ್ತಿದರೆ ಬಾಣ ಹಾರುತ್ತದೆ. ಕಾಕಾ ಕರೆಂಟಿನ ಲೈನ್‌ಮನ್ ಆಗಿದ್ದಾಗ, ತೆಲುಗು ಸೀಮೆಯ ಕಾಡಿನ ಕಡೆಯಿಂದ ಕೂಲಿಗೆ ಬಂದಿದ್ದ ಮುದುಕನೊಬ್ಬ ಮಾಡಿಕೊಟ್ಟದ್ದಂತೆ. ಬಾಣದ ಬಾಲಕ್ಕೆ ಮೀನಿನ ಗಾಳದ ದಾರ ಕಟ್ಟಿ ಎತ್ತರದ ಕೊಂಬೆಯ ಮೇಲೆ ಹಾಯಿಸುವುದು, ಆ ದಾರದ ಬೆನ್ನಿಗೆ ಹಗ್ಗ ಏರಿಸುವುದು, ಹಗ್ಗ ಜಗ್ಗಿ ತಂತಿಯ ಮೇಲೆ ಬಿದ್ದ ಕೊಂಬೆಯನ್ನು ಈಚೆಗೆ ಎಳೆಯುವುದು. ಸರಕಾರಿ ಕೆಲಸಕ್ಕೆ ಬಿಲ್ಲು ಬಳಸಿದ ನೌಕರ ನಮ್ಮ ಕಾಕಾ ಬಿಟ್ಟರೆ ಇನ್ನೊಬ್ಬರು ಇರಲಾರರು.

ಇಷ್ಟೆಲ್ಲ ಜಾಣತನವಿದ್ದೂ ಒಂದು ದಿನ ಕಂಬದಿಂದ ಬಿದ್ದರು. ಎಡಗಾಲಿನ ಮೊಣಕಾಲು ಮಡಚದಾಯಿತು. ಹಾಸಿಗೆಯಲ್ಲಿ ಮಲಗಿದ್ದಾಗ, ಎದ್ದು ಓಡಾಡುವಂತಾದರೆ ಶ್ರೀಶೈಲಕ್ಕೆ ನಡೆದುಕೊಂಡೇ ಬರುತ್ತೇನೆಂದು ಮಲ್ಲಯ್ಯನಿಗೆ ಹರಕೆ ಹೊತ್ತರು. ಎದ್ದದ್ದೇನೋ ಎದ್ದರು. ಆದರೆ ಮಡಚದ ಕಾಲಿನಲ್ಲಿ ಶ್ರೀಶೈಲ ಹೇಗೆ ಮುಟ್ಟುವುದು? ನಮ್ಮ ಕಾಕು, ಅಂದರೆ ಅವರ ಹೆಂಡತಿ, ಒಂದು ಬಿದಿರು ಕೋಲು ಹಿಡಿದು ಪಾದಯಾತ್ರೆಯವರ ಜೊತೆ ಹೊರಟೇಬಿಟ್ಟರು. ಹೋಗಿ ಬಂದಮೇಲೆ ಆ ಕೋಲನ್ನು ಒಲೆಯ ಮೇಲಿನ ಗೋಡೆಗೆ ಎರಡು ಗೂಟ ಹೊಡೆದು ಇಟ್ಟರು. ಯಾರಾದರೂ ಕೇಳಿದರೆ ಕಾಕಾ ಹೇಳುತ್ತಿದ್ದದ್ದು ಒಂದೇ ಮಾತು: "ಹರಕಿ ನಂದು, ಕಾಲು ಅಕಿದು."

ಕಾಕು ತೀರಿಹೋಗಿ ಹನ್ನೆರಡು ವರ್ಷವಾಗಿತ್ತು. ಕೋಲು ಅಲ್ಲೇ ಇತ್ತು. ಸೋಮವಾರಕ್ಕೊಮ್ಮೆ ಅದಕ್ಕೆ ವಿಭೂತಿ ಹಚ್ಚುವುದು ನನ್ನ ಪಾಲಿಗೆ ಬಂದಿತ್ತು.

ಆಮೇಲೆ ಆ ಬರದ ವರ್ಷಗಳು ಬಂದವು. ನಮ್ಮ ಯಜಮಾನರದು ಸಾಲಿ ಮಾಸ್ತರಿಕೆ. ತಿಂಗಳಾದರೆ ಪಗಾರ ಬರುತ್ತಿತ್ತು, ಬೋರಿನಲ್ಲಿ ದಿನಕ್ಕೆ ಎಂಟು ಕೊಡವಾದರೂ ನೀರು ಏಳುತ್ತಿತ್ತು. ಮಲ್ಲಯ್ಯನ ದಯೆ ಎಂದು ಕೈಮುಗಿಯುತ್ತಿದ್ದೆ. ಓಣಿಯ ಉಳಿದವರು ಒಬ್ಬೊಬ್ಬರಾಗಿ ಗಂಟು ಕಟ್ಟಿಕೊಂಡು ಹೈದರಾಬಾದಿಗೆ, ಪುಣೆಗೆ ಹೊರಟರು. ಎದುರು ಮನೆಯ ಕಮಳಾಬಾಯಿ ಹೊರಡುವ ದಿನ ತನ್ನ ಗಬ್ಬದ ಕರಿ ಆಡನ್ನು ಹಗ್ಗ ಹಿಡಿದು ತಂದು ನಮ್ಮ ಕಟ್ಟೆಯ ಮುಂದೆ ನಿಂತಳು.

"ಕಾಕಾ, ಕಟುಕರಿಗಿ ಮಾರಂದ್ರ ಮನಸ್ಸು ಒಲ್ಲದ್ರಿ. ಪಟ್ಟಣದಾಗ ಇದನ್ನ ಎಲ್ಲಿ ಕಟ್ಟಲಿ?"

"ಇಲ್ಲಿ ಕಟ್ಟು" ಎಂದರು ಕಾಕಾ. "ನೀ ತಿರುಗಿ ಬರೋತನಕ ಇದಕ್ಕ ನಾ ಜಾಮೀನು."

ಅಷ್ಟೇ ಆಗಿದ್ದರೆ ಚೆನ್ನಾಗಿತ್ತು. ವಾರ ಕಳೆಯುವುದರೊಳಗೆ ಜಾಮೀನಿನ ಸುದ್ದಿ ಹಬ್ಬಿ, ನಮ್ಮ ಹಿತ್ತಲಲ್ಲಿ ಒಂಬತ್ತು ಆಡಾದವು. ಲಿಂಗವಂತರ ಮನೆ, ಬಾಗಿಲಿಗೆ ಬಂದವರಿಗೆ ಮೊದಲು ಹೋತಿನ ವಾಸನೆ! ಪೂಜೆಗೆಂದು ತಂದಿಟ್ಟ ಬಿಲ್ವಪತ್ರೆ ತಿಂದವು, ಪಂಚಾಂಗದಲ್ಲಿ ಶ್ರಾವಣ ಮಾಸವನ್ನು ಪೂರ್ತಿ ತಿಂದವು. ನಾನು ಗೊಣಗಿದರೆ ಕಾಕಾ, "ಶ್ರಾವಣ ಬಂದ್ರೂ ಮಳಿ ಎಲ್ಲಿ ಬಂದದ ಮಗಳ? ತಿನ್ಲಿ ಬಿಡು" ಎನ್ನುತ್ತಿದ್ದರು.

ಮೇವು ಎಲ್ಲಿಂದ ತರುವುದು? ಓಣಿಯ ಗಿಡಗಳಲ್ಲಿ ಮೊದಲು ಆಡು ಹಿಂಗಾಲ ಮೇಲೆ ನಿಂತರೆ ಎಟಕುವಷ್ಟು ಸೊಪ್ಪು-ತಪ್ಪಲು ಹೋಯಿತು. ಆಮೇಲೆ ಮನುಷ್ಯ ಕೈಯೆತ್ತಿದರೆ ಎಟಕುವಷ್ಟು. ಆಮೇಲೆ ಉದ್ದನೆಯ ದೋಟಿಗೆ ಎಟಕುವಷ್ಟು. ಹಸಿರು ಉಳಿದದ್ದು ಹಾಳುಬಾವಿಯ ಪಕ್ಕದ ಅರಳಿ ಮರದ ನೆತ್ತಿಯಲ್ಲಿ ಮಾತ್ರ. ಮರ ಹತ್ತಬಲ್ಲ ಗಟ್ಟಿಯಾಳುಗಳೆಲ್ಲ ಪುಣೆಯಲ್ಲಿ ಬಿಲ್ಡಿಂಗು ಹತ್ತುತ್ತಿದ್ದರು. ಹಾಗಾಗಿ ಕಾಕಾ ಅಟ್ಟದಿಂದ ಬಿಲ್ಲು ಇಳಿಸಿದರು. ಬಾಣ ಹಾರಿಸಿ, ಹಗ್ಗ ಏರಿಸಿ, ಕೊಂಬೆ ಬಾಗಿಸಿ, ದೋಟಿಯಿಂದ ತಪ್ಪಲು ಕೊಯ್ದರು. ಒಂಬತ್ತು ಆಡುಗಳೂ ಮೇಲೆ ನೋಡುತ್ತ ನಿಲ್ಲುವುದನ್ನು ಕಂಡರೆ, ನಮಗಿಂತ ಅವಕ್ಕೇ ದೈವಭಕ್ತಿ ಹೆಚ್ಚು ಅನ್ನಿಸುತ್ತಿತ್ತು.

ಹದಿನೈದು ದಿನ ಹೀಗೆ ನಡೆಯಿತು. ಹದಿನಾರನೆಯ ದಿನ ಫಟ್ ಎಂದು ಸದ್ದಾಯಿತು. ಬಲಗಡೆಯ ರೆಕ್ಕೆ ನಡುವೆ ಸೀಳಿ ಜೋತುಬಿದ್ದಿತ್ತು.

ಕಾಕಾ ಅದನ್ನು ಎತ್ತಿಕೊಂಡು ಬಂದ ರೀತಿ ನೋಡಿ ಯಾರೋ ಬಿದ್ದಿದ್ದಾರೆಂದು ನಾನು ನೀರು ತಂದೆ. "ಅರಿಶಿಣ ತಾ" ಎಂದರು. ಬಿದಿರಿಗೆ ಅರಿಶಿಣ ಯಾಕೆ ಎಂದು ಕೇಳುವ ಧೈರ್ಯ ಯಾರಿಗಿದೆ? ತಮ್ಮ ಕಾಲಿಗೆ ನಾಟಿ ವೈದ್ಯ ಏನು ಮಾಡಿದ್ದನೋ ಅದನ್ನೇ ಬಿಲ್ಲಿಗೂ ಮಾಡಿದರು. ಎರಡೂ ಬದಿಗೆ ದಬ್ಬೆ ಇಟ್ಟು, ನನ್ನ ಹಳೆಯ ಇಳಕಲ್ ಸೀರೆಯ ಅಂಚು ಹರಿದು ಬಿಗಿದರು. ಎಂಟು ದಿನ ಅಲುಗಾಡಿಸದೆ ಮಲಗಿಸಿದರು. ಒಂಬತ್ತನೆಯ ದಿನ ಹೆದೆ ಎಳೆದರೆ ರೆಕ್ಕೆ ಮೊದಲಿನಂತೆಯೇ ಜೋತುಬಿತ್ತು. ನನ್ನ ಸೀರೆಯ ಅಂಚು ಮಾತ್ರ ಗಟ್ಟಿಯಾಗಿತ್ತು.

ಆ ಎಂಟು ದಿನ ಆಡುಗಳಿಗೆ ಹಾಕಿದ್ದು ನಾನು ಬೇಡಿ ತಂದ ತೊಗರಿ ಹೊಟ್ಟು. ಅವುಗಳ ಪಕ್ಕೆಲುಬು ಎಣಿಸುವಂತಾಯಿತು. ಕಮಳಾಬಾಯಿಯ ಗಬ್ಬದ ಆಡು ಕರಿಗಿಯ ಹೊಟ್ಟೆ ಮಾತ್ರ ದಿನದಿನಕ್ಕೆ ಕೆಳಗಿಳಿಯುತ್ತಿತ್ತು. ಅದನ್ನು ನೋಡಿದಾಗಲೆಲ್ಲ ಕಾಕಾ ಮುಖ ಆಚೆ ತಿರುಗಿಸುತ್ತಿದ್ದರು.

ಮೊದಲು ಭಾಲ್ಕಿಯ ಬಡಿಗೇರನ ಹತ್ತಿರ ಹೋದರು. ಅವನು ತಲೆ ಕೆರೆದುಕೊಂಡ. "ನಾ ಮಂಚ ಮಾಡಾಂವ್ರಿ ಕಾಕಾ. ಯುದ್ಧದ ಸಾಮಾನು ನಮ್ಮಪ್ಪನೂ ಮಾಡಿಲ್ಲ." ಆದರೂ ಸಾಗುವಾನಿಯಲ್ಲಿ ಎರಡು ರೆಕ್ಕೆ ಕೆತ್ತಿ, ಪಾಲಿಶ್ ಹೊಡೆದು, ತುದಿಗೆ ಒಂದೊಂದು ಹೂವು ಬಿಡಿಸಿ ಕೊಟ್ಟ. ನೋಡಲು ಮದುವೆ ಮಂಚದ ಹಾಗೆ ಚೆಂದ. ಮೊದಲ ಎಳೆತಕ್ಕೇ ಎರಡೂ ಮುರಿದವು. ಕಾಕಾ ತುಂಡು ಹಿಡಿದು ಮರಳಿ ಹೋದರೆ, "ಅದರ ಮ್ಯಾಲ ಮಲ್ಕೊಂಡು ನೋಡಿದ್ರ್ಯಾ? ಗ್ಯಾರಂಟಿ ಅದಕ್ಕಷ್ಟ ಅದ" ಎಂದನಂತೆ.

ಔರಾದಿನಲ್ಲಿ ಬಿದಿರು ಬಲ್ಲ ಬುಟ್ಟಿ ಹೆಣೆಯುವವನೊಬ್ಬ ಇದ್ದಾನೆಂದು ಯಾರೋ ಹೇಳಿದರು. ಕಾಕಾ ಬೆಳಗಿನ ಬಸ್ಸಿಗೆ ಬಿಲ್ಲು ಹಿಡಿದು ಹೋದರು. ಸಂಜೆ ಬಂದಾಗ ಒಂದು ಕೈಯಲ್ಲಿ ಅದೇ ಮುರಿದ ಬಿಲ್ಲು, ಇನ್ನೊಂದು ಕೈಯಲ್ಲಿ ಹಗ್ಗ. ಹಗ್ಗದ ತುದಿಯಲ್ಲಿ ಒಂದು ಬಿಳಿ ಆಡು.

"ಬುಟ್ಟಿಯಂವ ಮನಿಗಿ ಕೀಲಿ ಹಾಕ್ಕೊಂಡು ಹೋಗ್ಯಾನ" ಎಂದರು ಕಾಕಾ. "ಬಾಜೂ ಮನಿ ಮುದುಕಿನೂ ನಾಳಿ ಮಗನ ಕೂಡ ಹೊಂಟಾಳಂತ. ಭಾಲ್ಕ್ಯಾಗ ಆಡು ಕಾಯೋ ಕಾಕಾ ನೀವ ಏನ್ರಿ ಅಂತ ಕೇಳಿದ್ಳು. ನಾ ಸುಳ್ಳು ಹ್ಯಾಂಗ ಹೇಳ್ಲಿ?"

ನಮ್ಮ ಯಜಮಾನರು ಹಣೆ ಒತ್ತಿಕೊಂಡರು. "ರೆಕ್ಕಿ ತರ್ಲಿಕ್ಕೆ ಹೋದವ್ರು ನಾಲ್ಕು ಕಾಲು ತಂದ್ರಿ ನೋಡ್ರಿ!"

ಮೂರನೆಯ ಸಲ ಬೀದರಿಗೆ. ಈ ಸಲ ಕಾಕಾನನ್ನು ಒಂಟಿಯಾಗಿ ಕಳಿಸಿದರೆ ಎಮ್ಮೆ ಬಂದೀತೆಂದು ನಾನೇ ಜೊತೆಗೆ ಹೊರಟೆ. ಕಂಡಕ್ಟರ್ ಬಿಲ್ಲು ನೋಡಿ, "ಬಾಣ ಎಲ್ಲವರಿ?" ಎಂದ. "ಮನ್ಯಾಗ ಬಿಟ್ಟೇನಿ" ಎಂದರು ಕಾಕಾ. "ಹಂಗಿದ್ರ ಕೂಡ್ರಿ" ಎಂದ ಅವನು. ಕೊಳಾರದ ಕಡೆ ಗಾಡಿ ರಿಪೇರಿ ಮಾಡುವ ಒಬ್ಬರು ಹಳೆಯ ಜೀಪಿನ ಕಮಾನು ಪಟ್ಟಿ ಕತ್ತರಿಸಿ, ತಾತ್ಕಾಲಿಕವಾಗಿ ದಂಡಕ್ಕೆ ಬಿಗಿದು ನೋಡಿದರು. ಅವರು, ಅವರ ಇಬ್ಬರು ಕೆಲಸಗಾರರು, ಕಾಕಾ, ನಾಲ್ವರೂ ಸೇರಿ ಎಳೆದರೂ ಹೆದೆ ಒಂದು ಬೆರಳು ಹಿಂದೆ ಸರಿಯಲಿಲ್ಲ. "ಚಾಚಾ, ಇದು ಜೀಪ್ ಎತ್ತೋ ಲೋಹ. ನಿಮ್ಮ ಆಡು ತಪ್ಪಲ ತಿನ್ನೋದಕ್ಕ ಮೊದ್ಲ ನೀವ ದವಾಖಾನಿ ಸೇರ್ತೀರಿ" ಎಂದು ಬಿಚ್ಚಿ ಹಳೆಯದನ್ನೇ ಹಾಕಿಕೊಟ್ಟು ಚಹಾ ಕುಡಿಸಿದರು.

ಅಷ್ಟಕ್ಕೇ ಮನೆಗೆ ಬರಬಹುದಿತ್ತು. ಕಾಕಾನಿಗೆ ಹೊಸ ಯೋಚನೆ ಹೊಳೆಯಿತು. ಕೋಟೆಯೊಳಗೆ ಹಳೆಯ ಕಾಲದ ಆಯುಧಗಳಿವೆಯಲ್ಲ, ಬಾದಶಹರು ರೆಕ್ಕೆಗೆ ಏನು ಹಾಕುತ್ತಿದ್ದರೆಂದು ನೋಡಿಬಿಡೋಣ ಎಂದರು. ಬಿಸಿಲಲ್ಲಿ ಒಳಗೆಲ್ಲ ಸುತ್ತಿದೆವು. ತೋಪು ಕಂಡವು, ಕತ್ತಿ ಕಂಡವು, ಅಡ್ಡಬಿಲ್ಲು ಕಾಣಲಿಲ್ಲ. ಹೊರಬರುವಾಗ ಬಾಗಿಲಲ್ಲಿ ವಯಸ್ಸಾದ ಕಾವಲುಗಾರರು ತಡೆದರು. ಹೋಗುವಾಗ ಅವರು ಊಟಕ್ಕೆ ಹೋಗಿದ್ದರೆಂದು ಕಾಣುತ್ತದೆ.

"ಏನ್ರಿ ಯಜಮಾನ್ರ, ಇದು ಒಳಗಿಂದಲ್ಲೇನು?"

ಬೇರೆ ಯಾರಾದರೂ ಆಗಿದ್ದರೆ ಹೆದರುತ್ತಿದ್ದರು. ಕಾಕಾನ ಮುಖ ಅರಳಿತು. "ಬಾದಶಹರ ಕಾಲದ್ದು ಅನ್ನಿಸ್ತದೇನು? ಖರೇ ಹೇಳ್ರಿ!"

"ಅನ್ನಿಸ್ತದ. ಅದಕ್ಕ ಕೇಳಾಕತ್ತೇನಿ. ಕೆಳಗಿಡ್ರಿ."

ಕಾಕಾ ಇಲ್ಲವೆನ್ನುವ ಲಕ್ಷಣವೇ ಕಾಣಲಿಲ್ಲ. ಹೆಮ್ಮೆಯಿಂದ ಜೈಲಿಗೆ ಹೋಗಲು ತಯಾರಾಗಿದ್ದರು. ನಾನು ಮುಂದೆ ಬಂದು ಮುರಿದ ರೆಕ್ಕೆಗೆ ಸುತ್ತಿದ ಬಟ್ಟೆ ತೋರಿಸಿದೆ. "ಅಣ್ಣಾ, ಬಾದಶಹರ ಬಿಲ್ಲಿಗಿ ನನ್ನ ಇಳಕಲ್ ಸೀರಿ ಯಾಕ ಕಟ್ಟಿರ್ತಾರ್ರಿ?"

ಅವರು ಬಟ್ಟೆ ನೋಡಿದರು, ನನ್ನನ್ನು ನೋಡಿದರು, ಕುರ್ಚಿಯಲ್ಲಿ ಕುಳಿತು ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಬಿಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಮುರಿದ ಜಾಗವನ್ನು ಹೆಬ್ಬೆರಳಿನಿಂದ ಸವರಿದರು. ಅವರ ತಂದೆ ಬಿಲ್ಲಿನಿಂದ ಹತ್ತಿ ಹಿಂಜುವ ಪಿಂಜಾರರಂತೆ.

"ಒಂದ ಬದಲಿಸಿದ್ರ ಆಗಂಗಿಲ್ಲ, ಎರಡೂ ಜೋಡಿ ಬದಲಿಸ್ಬೇಕು. ಒಂದ ಬಿದಿರು ಸೀಳಿ ಎರಡೂ ಮಾಡ್ಬೇಕು. ಹಸಿ ಬಿದಿರು ಬ್ಯಾಡ. ಒಲಿ ಮ್ಯಾಲ ಹತ್ತು ವರ್ಷ ಹೊಗಿ ಕುಡದ ಬಿದಿರು ಇದ್ರ ನೋಡ್ರಿ, ಅದು ಬಾಗ್ತದ, ಮುರಿಯಂಗಿಲ್ಲ. ನಮ್ಮಪ್ಪ ಅಂಥಾದ್ದೇ ಹುಡುಕ್ತಿದ್ದ."

ಕಾಕಾ ತಲೆಯಾಡಿಸಿದರು. ಆಶ್ಚರ್ಯಪಟ್ಟಂತೆ ಕಾಣಲಿಲ್ಲ.

ಬಸ್ಸಿನಲ್ಲಿ ಭಾಲ್ಕಿಯವರೆಗೂ ನಾನೇ ಮಾತಾಡಿದೆ. ಅಂಥ ಬಿದಿರು ಜನವಾಡದ ನಮ್ಮ ಬೀಗರ ಮನೆಯಲ್ಲಿರಬಹುದೇ? ಅಷ್ಟೂರಿನಲ್ಲಿ ಕೇಳೋಣವೇ? ಕಾಕಾ ಕಿಟಕಿಯ ಆಚೆ ನೋಡುತ್ತ, "ಯಾರ ಮನ್ಯಾಗೂ ಇರಂಗಿಲ್ಲ ಬಿಡು" ಎಂದರು.

ಮರುದಿನ ಬೆಳಿಗ್ಗೆ ಒಲೆಗೆ ಕಟ್ಟಿಗೆ ಒಡ್ಡಿ ಊದುತ್ತಿದ್ದೆ. ಹೊಗೆ ಎದ್ದಿತು. ಕಣ್ಣೊರೆಸಿಕೊಂಡು ತಲೆಯೆತ್ತಿದೆ. ಗೋಡೆಯ ಮೇಲೆ, ಎರಡು ಗೂಟಗಳ ನಡುವೆ, ವರ್ಷವರ್ಷದ ಹೊಗೆ ಕುಡಿದು ಬೆಲ್ಲದ ಬಣ್ಣಕ್ಕೆ ತಿರುಗಿದ್ದ ಕಾಕುವಿನ ಕೋಲು.

ಮಡಚದ ಕಾಲೆಳೆದುಕೊಂಡು ಊರೂರು ತಿರುಗಿದ ಮನುಷ್ಯನಿಗೆ ಇದು ಮೊದಲೇ ಗೊತ್ತಿತ್ತೇ? ಗೊತ್ತಿಲ್ಲದೆ ಇರುತ್ತದೆಯೇ? ದಿನಕ್ಕೆ ಮೂರು ಹೊತ್ತು ಅದರ ಕೆಳಗೇ ಕುಳಿತು ಉಣ್ಣುವವರು.

ಕೈತೊಳೆದು, ಎದೆಯ ಲಿಂಗ ಮುಟ್ಟಿಕೊಂಡು, ಮನಸ್ಸಿನಲ್ಲೇ ಕಾಕುವಿಗೆ ತಪ್ಪಾಯಿತೆಂದು ಹೇಳಿ ಕೋಲನ್ನು ಇಳಿಸಿದೆ. ಕಾಕಾ ಹಿತ್ತಲಲ್ಲಿ ಕರಿಗಿಯ ಪಕ್ಕ ಕುಳಿತಿದ್ದರು. ಅದಕ್ಕೆ ಅಂದು ಏಳಲೂ ಆಗುತ್ತಿರಲಿಲ್ಲ. ನನ್ನ ಕೈಯಲ್ಲಿದ್ದದ್ದು ಕಂಡು ಕಾಕಾನ ದನಿ ಗಡುಸಾಯಿತು.

"ಗೂಟಕ್ಕ ಹಾಕು ಅದನ್ನ. ಮಲ್ಲಯ್ಯನ ಕೋಲದ."

"ಮಲ್ಲಯ್ಯ ಕೋಲು ಗ್ವಾಡಿಗಿ ಕೊಟ್ಟಾನೇನ್ರಿ ಮಾವಾ, ನಿಮಗ ಕೊಟ್ಟಾನೋ?" ಎಂದೆ. ಆ ಮನೆಗೆ ಬಂದ ಮೇಲೆ ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು. ಕೋಲನ್ನು ಅವರ ತೊಡೆಯ ಮೇಲಿಟ್ಟು ಒಳಗೆ ಬಂದುಬಿಟ್ಟೆ.

ಬಹಳ ಹೊತ್ತಿನ ಮೇಲೆ ಕುಡುಗೋಲು ಮಸೆಯುವ ಸದ್ದು ಕೇಳಿತು. ಊಟಕ್ಕೆ ಕರೆದರೂ ಬರಲಿಲ್ಲ. ನೀರು ಕೊಡಲು ಹೋದಾಗ, "ಸ್ವಲ್ಪ ತಡಕೋ. ಇಷ್ಟ. ಆಯ್ತು" ಎಂದರು. ತಂಬಿಗೆ ಹಿಡಿದು ತಡೆದು ನಿಂತೆ. ಆಮೇಲೆ ತಿಳಿಯಿತು, ಅವರು ಹೇಳಿದ್ದು ನನಗಲ್ಲ, ಸೀಳುತ್ತಿದ್ದ ಬಿದಿರಿಗೆ.

ಇಳಿಹೊತ್ತಿಗೆ ಎರಡು ರೆಕ್ಕೆ ಸಿದ್ಧವಾದವು. ಅರಳಿ ಮರದ ಕೆಳಗೆ ಕಾಕಾ ಹೆದೆ ಎಳೆದರು. ಬಿದಿರು ನರಳಿತು, ಬಾಗಿತು, ಮುರಿಯಲಿಲ್ಲ. ಬಾಣ ನೆತ್ತಿಯ ಕೊಂಬೆ ದಾಟಿ ಆಚೆ ಬಿತ್ತು. ಹಗ್ಗ ಏರಿತು. ತಪ್ಪಲು ಉದುರಿತು. ಮೊದಲ ಸೊಪ್ಪನ್ನು ಕಾಕಾ ಕುಂಟುತ್ತ ಒಯ್ದು ಕರಿಗಿಯ ಬಾಯಿಗೇ ಹಿಡಿದರು.

ಮುಂದಿನ ವರ್ಷ ಕಮಳಾಬಾಯಿ ತಿರುಗಿ ಬಂದಳು. ಹಿತ್ತಲಿಗೆ ಬಂದು ಕರಿಗಿಯನ್ನೂ ಅದರ ಎರಡು ಮರಿಗಳನ್ನೂ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಔರಾದಿನ ಬಿಳಿಯದೂ ಸೇರಿ ಉಳಿದ ಒಂಬತ್ತೂ ಅಲ್ಲೇ ನಿಂತಿದ್ದವು. ಒಂದೂ ಕಡಿಮೆಯಾಗಿರಲಿಲ್ಲ, ಅದೂ ಮಲ್ಲಯ್ಯನ ದಯೆ. ಅಳು ನಿಂತ ಮೇಲೆ ಅವಳು ಬಾವಿಯ ಕಡೆ ತಿರುಗಿ ಅರಳಿ ಮರ ನೋಡಿದಳು. ಹೊಸ ಚಿಗುರು ಈಗಷ್ಟೇ ಬರುತ್ತಿತ್ತು, ಕೊಯ್ದ ಗಾಯಗಳು ತುದಿಯವರೆಗೂ ಕಾಣುತ್ತಿದ್ದವು.

"ಕಾಕಾ, ಓಣ್ಯಾಗ ಒಬ್ಬ ಗಂಡಾಳು ಇರ್ಲಿಲ್ಲ. ಆ ತುದಿತನಕ ಯಾರು ಹತ್ತಿದ್ರಿ?"

ಕಾಕಾ ಮರಿಯ ಕಿವಿ ಸವರುತ್ತಿದ್ದರು. ತಲೆ ಎತ್ತಲಿಲ್ಲ.

"ನಮ್ಮ ಮನಿಯಾಕಿ" ಎಂದರು.

ಕಮಳಾಬಾಯಿ ನನ್ನ ಮುಖ ನೋಡಿದಳು. ಕಾಕುವನ್ನು ಮಣ್ಣು ಮಾಡಿದ ದಿನ ಅವಳೂ ನಮ್ಮ ಜೊತೆ ಇದ್ದವಳು. ನಾನು ಅವಳ ಕೈ ಹಿಡಿದು ಅಡುಗೆಮನೆಗೆ ಕರೆದೊಯ್ದೆ. ಒಲೆಯ ಮೇಲೆ, ಆ ಎರಡು ಗೂಟಗಳ ನಡುವೆ, ಈಗ ಬಿಲ್ಲು ಇತ್ತು. ಅಂದು ಸೋಮವಾರ. ಎರಡೂ ರೆಕ್ಕೆಗಳ ಮೇಲೆ ಬೆಳಿಗ್ಗೆ ನಾನು ಹಚ್ಚಿದ ವಿಭೂತಿ ಇನ್ನೂ ಇತ್ತು.