ಮಾವಾರು ಬಂದ್ರು!

ನಮ್ಮ ಮನಿಯವರನ್ನ ಕರಕೊಂಡು ಎಲ್ಲಿ ಹೋದ್ರೂ ಏನರ ಒಂದು ಆಗೇ ಆಗ್ತೈತಿ. ಲಗ್ನಕ್ಕ ಹೋದ್ರ ಬಾಜೂ ಮಂಟಪದಾಗ ಉಂಡು ಬರ್ತಾರ. ದವಾಖಾನಿಗೆ ಹೋದ್ರ ಬ್ಯಾರೇದವರ ಹೆಸರು ಕರದಾಗ ಎದ್ದು ಒಳಗ ಹೋಗ್ತಾರ. ಅಂಥವರು ಅಡವಿಗೆ ಹೋದ್ರ ಸುಮ್ನ ಬರ್ತಾರೇನ್ರಿ?

ಊರವರ ಪ್ರಶ್ನೆ

ಇವರದು ಕಾಗದದ ಮಿಲ್ಲಿನ್ಯಾಗ ನೌಕರಿ, ದಾಂಡೇಲಿಯ ಅಂಬೇವಾಡಿಯಾಗ ನಮ್ಮ ಸಂಸಾರ. ಊರು ಮಾತ್ರ ಧಾರವಾಡದ ಕಡೆ. ಊರಿಗೆ ಹೋದಾಗೆಲ್ಲಾ ಮಂದಿ ಕೇಳೂದು ಒಂದ ಮಾತು: "ದಾಂಡೇಲ್ಯಾಗ ಇರ್ತೀರಿ, ಹುಲಿ ನೋಡೀರೇನ್ರಿ?"

ಇವರು ತಲಿ ಕೆಳಗ ಹಾಕ್ತಿದ್ರು. ಒಂದ್ಸಲ ನಮ್ಮ ಮೈದುನ ಎಲ್ಲಾರ ಮುಂದ, "ಅಣ್ಣಗ ಅಡವಿ ಹುಲಿ ಯಾಕ ಬೇಕ್ರಿ? ಮನ್ಯಾಗ ವೈನಿ ಅದಾರಲ್ಲ" ಅಂದ. ಮಂದಿ ಹೊಟ್ಟಿ ಹಿಡಕೊಂಡು ನಕ್ರು. ಇವರೂ ನಕ್ರು. ಮನಿಗೆ ಬಂದ ಮ್ಯಾಲ "ಯಾಕ ನಕ್ರಿ?" ಅಂತ ಕೇಳಿದೆ. ಆಮ್ಯಾಲ ಎರಡು ದಿನ ನಗಲಿಲ್ಲ.

ಈಗ ರಿಟೈರ್ ಆದ್ರು. ಊರಿಗೇ ಹೋಗಿ ಇರೂದು ಅಂತಾತು. ಸಾಮಾನು ಕಟ್ಟೂ ಮುಂದ ಇವರು ಮಾರಿ ಸಣ್ಣದು ಮಾಡಿ, "ಹುಲಿ ನೋಡದ ಊರಿಗೆ ಯಾವ ಮಾರಿ ಹೊತ್ತು ಹೋಗಲಿ? ಸಾಯೂತನಕಾ ಕೇಳ್ತಾರ" ಅಂದ್ರು. ನನಗ ಪಾಪ ಅನ್ನಿಸ್ತು. ಹೊಸದಾಗಿ ಲಗ್ನಾದ ಮಗಳು, ಅಳಿಯಂದ್ರು ಬಂದಿದ್ರು. "ಎಲ್ಲಾರೂ ಕೂಡಿ ಸಫಾರಿಗೆ ಹೋಗೂಣು" ಅಂದೆ.

ಜೀಪಿನ ಕಾಯ್ದೆ

ಗೇಟಿನ ಹತ್ರ ಜೀಪ್ ನಿಂದರಿಸಿ ಡ್ರೈವರ್ ಹೇಳಿದ: "ಗದ್ಲ ಮಾಡಬ್ಯಾಡ್ರಿ. ಇನ್ನೊಂದು, ಒಳಗ ಹುಲಿ ಅಂತ ಹೆಸರು ತಗೀಬ್ಯಾಡ್ರಿ, ತಗದ್ರ ಬರೂದಿಲ್ಲ. ನಾವು ಅದಕ್ಕ 'ಮಾವಾರು' ಅಂತೇವಿ. ಕಂಡ್ರ 'ಮಾವಾರು ಬಂದ್ರು' ಅಂತ ಮೆಲ್ಲಕ ಅನ್ರಿ."

ಆ ಹೊತ್ತಿನ್ಯಾಗ ಅಳಿಯಂದ್ರು ಮೊಬೈಲ್ ಮ್ಯಾಲೆತ್ತಿ ರೇಂಜ್ ಹುಡಕಾಕತ್ತಿದ್ರು. ಇದೊಂದು ನೆನಪಿಟ್ಕೋರಿ.

ನಮ್ಮ ಮನಿಯವರಿಗೆ ಕಿವಿ ಸ್ವಲ್ಪ ಮಂದ. ಮಷಿನ್ ಮುಂದ ಒದರಿ ಒದರಿ ಮಾತಾಡಿದ ರೂಢಿ ಬ್ಯಾರೆ. ಅವರ ಪಿಸುಮಾತು ಹಳಿಯಾಳಕ್ಕ ಕೇಳ್ತೈತಿ. "ಯಾರು? ನಮ್ಮ ಮಾವಾರ? ಅವರು ತೀರಿಕೊಂಡು ಭಾಳ ವರ್ಷಾತಲ್ಲ!" ಅಂದ್ರು.

ಅವರ ಮಾವಾರು ಅಂದ್ರ ನಮ್ಮಪ್ಪ!

ಪುಕ್ಕಟ ಪ್ರಾಣಿ

ಮೊದಲ ಮಂಗ್ಯಾ ಬಂದ್ವು. "ಇವು ನಮ್ಮ ಹಂಚಿನ ಮ್ಯಾಲ ಪುಕ್ಕಟ ಸಿಗ್ತಾವು, ಮುಂದ ನಡೀರಿ" ಅಂದ್ರು ಇವರು. ನವಿಲು ಬಂತು. "ಮುಂದ ನಡೀರಿ." ಒಂದು ಕಡೆ ಡ್ರೈವರ್ ಜೀಪ್ ನಿಂದರಿಸಿ, ದಾರಿ ಮ್ಯಾಲ ಬಿದ್ದಿದ್ದನ್ನ ಭಕ್ತಿಯಿಂದ ತೋರಿಸಿ, "ಕಾಕಾರ, ಇದು ಮಾವಾರದ. ನಿನ್ನಿ ರಾತ್ರೀದು" ಅಂದ.

ಇವರು ಬಗ್ಗಿ ನೋಡಿದ್ರು. "ತಮ್ಮಾ, ಊರಾಗ ಮಂದಿ ಹುಲಿ ನೋಡೀರೇನು ಅಂತ ಕೇಳ್ತಾರ. ನಾ ಇದರ ಸುದ್ದಿ ಹೇಳ್ಲೇನು?"

ಜಾಗಾ ಹಿಡದೇನಿ

ಗುಡ್ಡದ ಮ್ಯಾಲ ಒಂದು ಕಡೆ ಇಳ್ಯಾಕ ಬಿಡ್ತಾರ. ಎಲ್ಲಾರೂ ಇಳಿದು ಫೋಟೋ ಹೊಡಕೊಂಡು ಜೀಪ್ ಹತ್ತಿದ್ವಿ. ಮುಂಜಾನೆ ಮಿರ್ಚಿಭಜಿ ಬ್ಯಾಡ್ರಿ ಅಂತ ಬಡಕೊಂಡಿದ್ದೆ, ಕೇಳ್ಯಾರೇನು? ಇವರ ಹೊಟ್ಟಿ ಗುಡುಗುಡು ಅಂತು. "ಇಲ್ಲೇ ಬೈಲಕಡೆ ಹೋಗಿ ಬರ್ತೇನಿ" ಅಂತ ನೀರಿನ ಬಾಟ್ಲಿ ಹಿಡಕೊಂಡು ಕಂಟಿ ಹಿಂದ ಹೋದ್ರು. ಡ್ರೈವರ್ "ದೂರ ಹೋಗಬ್ಯಾಡ್ರಿ ಕಾಕಾರ, ಲಗೂನ ಬರ್ರಿ" ಅಂತ ಒದರಿದ. ಅಳಿಯಂದ್ರು ಮತ್ತ ಮೊಬೈಲ್ ಹಿಡದ್ರು.

ಒಂದೀಟು ಹೊತ್ತಿಗೆ ಡ್ರೈವರ್ ಉಸಿರು ಬಿಗಿಹಿಡಿದು, "ಮಾವಾರು ಬಂದ್ರು..." ಅಂದ.

ಅದ ಕಂಟಿ ಬಾಜೂಕಿನಿಂದ ಹುಲಿ! ಖರೇನ ಹುಲಿ! ಇವರು ಕುಂತಿದ್ದೂ ಅಲ್ಲೇ ಅಲ್ಲೇನ್ರಿ! ಒದರಿದ್ರ ಅದು ಅವರ ಕಡೆ ಹೊಳ್ಳೀತು ಅಂತ ಕೈಲೆ ಬಾಯಿ ಮುಚ್ಚಿಕೊಂಡೆ.

ಅಳಿಯಂದ್ರು ಮಾತ್ರ ಮೊಬೈಲ್‌ನಿಂದ ತಲಿ ಎತ್ತಲಿಲ್ಲ. ಸರದು ಕುಂತು, ಸೀಟು ಝಾಡಿಸಿ, ಭಾಳ ಮರ್ಯಾದಿಯಿಂದ ಅಂದ್ರು: "ಬರ್ರಿ ಮಾವಾರ, ಬರ್ರಿ! ಇಲ್ಲೇ ನನ್ನ ಬಾಜೂಕ ಕುಂದರ್ರಿ, ಜಾಗಾ ಹಿಡದೇನಿ!"

ಹುಲಿ ನಿಂತು ಅಳಿಯಂದ್ರನ್ನ ನೋಡ್ತು. ಏನನ್ನಿಸ್ತೋ ಏನೋ, ದಾರಿ ದಾಟಿ ಹೋಗೇಬಿಡ್ತು. ಆಗ ತಲಿ ಎತ್ತಿದ ಅಳಿಯಂದ್ರಿಗೆ ಬಾಲ ಕಾಣಿಸ್ತು. ಪಾಪ, ಸೀಟಿನ ಕೆಳಗ ಇಳದ್ರು.

ಹಿಂದಿನಿಂದ ನಮ್ಮ ಮನಿಯವರು ಧೋತರ ಸರಿಮಾಡ್ಕೋತ ಬಂದ್ರು. "ಯಾಕ ಎಲ್ಲಾರೂ ಹಿಂಗ ಕುಂತೀರಿ? ಹೊಂಡೂಣು?"

ಅವರ ಕೈ ಹಿಡಕೊಂಡು ಅತ್ತೇಬಿಟ್ಟೆ. ವಿಷಯ ತಿಳಿದ ಮ್ಯಾಲ ಅವರ ಕಣ್ಣಾಗೂ ನೀರು. "ಬಾಗಲಕ್ಕ ಬಂದೂ ನನಗ ಒಬ್ಬಾವಗ ಕಾಣಲಿಲ್ಲಲ್ಲ" ಅಂದ್ರು.

ಡ್ರೈವರ್ ಜೀಪನ್ನ ಕಂಟಿ ಹತ್ರ ಒಯ್ದು ಬಗ್ಗಿ ನೋಡಿದ. ಕೆಸರಿನ್ಯಾಗ ಇವರ ಬಾಟ್ಲಿ ಬಿದ್ದಿತ್ತು. ಅದರ ಬೆನ್ನಿಗೇ ದೊಡ್ಡ ದೊಡ್ಡ ಹಸೇ ಹೆಜ್ಜಿ. "ಕಾಕಾರ, ನಿಮ್ಮ ಹಿಂದ ನಿಂತು, ಸಾವಕಾಶ ನೋಡಿ ಹೋಗೈತ್ರಿ!"

ಇವರ ಮಾರಿ ಅರಳಿತು. ಈಗ ಊರಾಗ ಅದೀವಿ. ಯಾರರ "ಹುಲಿ ನೋಡೀರೇನ್ರಿ?" ಅಂದ್ರ ಸಾಕು, ಎದಿ ಉಬ್ಬಿಸಿ ಹೇಳ್ತಾರ: "ನಾ ನೋಡಿಲ್ಲಪಾ. ಅದು ನನ್ನ ನೋಡೈತಿ."

ಅಷ್ಟಕ್ಕ ಬಿಟ್ರ ನನ್ನ ಮಾನ ಉಳೀತಿತ್ತು. ನಾ ಸೆರಗು ಬಾಯಿಗೆ ಹಚ್ಚೂದ್ರಾಗ ಇನ್ನೊಂದು ಮಾತು ಹೇಳೇಬಿಡ್ತಾರ:

"ಪೂರಾ ನೋಡೈತಿ!"