ನನ್ನ ಗಾಡಿ ಚೆಕ್ ಮಾಡಿ ಸಾರ್!

ಲಾರಿ ತಪಾಸಣೆಯ ಇನ್ಸ್‌ಪೆಕ್ಟರನ್ನು ಕಂಡರೆ ಡ್ರೈವರುಗಳು ಹೆದರುತ್ತಾರೆ. ನನ್ನ ಮಾಮುವನ್ನು ಕಂಡರೆ ಇನ್ಸ್‌ಪೆಕ್ಟರೇ ಹೆದರುತ್ತಾರೆ! ಮಾಮು ಎಂದರೆ ನಮ್ಮ ಅಮ್ಮಿಯ ಅಣ್ಣ. ಶಿವಮೊಗ್ಗ, ಭದ್ರಾವತಿ ನಡುವೆ ಮೂವತ್ತು ವರ್ಷದಿಂದ ಸಿಮೆಂಟು ಸಾಗಿಸುತ್ತಿರುವ ಆಸಾಮಿ.

ಎದುರಿನ ಲಾರಿ ಹೆಡ್‌ಲೈಟ್ ಮಿಟುಕಿಸಿತೆಂದರೆ ಮುಂದೆ ಚೆಕಿಂಗ್ ಇದೆ ಎಂದರ್ಥ. ಉಳಿದವರು ತಕ್ಷಣ ಟೀ ಅಂಗಡಿಗೋ ಅಡ್ಡರಸ್ತೆಗೋ ನುಗ್ಗುತ್ತಾರೆ. ಮಾಮು ಮಾತ್ರ ಬಾಚಣಿಗೆ ತೆಗೆದು ತಲೆ ಬಾಚಿಕೊಳ್ಳುತ್ತಾನೆ, ಹೆಣ್ಣು ನೋಡಲು ಹೊರಟವನ ಹಾಗೆ!

“ಹೋಗಯ್ಯಾ, ನಿಂದು ನೋಡಾಗಿದೆ” ಎಂದು ಇನ್ಸ್‌ಪೆಕ್ಟರು ಕೈಬೀಸಿದರೆ ಇವನಿಗೆ ಅವಮಾನ.

“ಏನ್ ನೋಡಿದ್ರಿ ಸಾರ್? ಬ್ರೇಕ್ ಲೈಟ್ ನೋಡಿದ್ರಾ? ಫಸ್ಟ್ ಏಡ್ ಡಬ್ಬಿ? ಹತ್ತಿ ಮೊನ್ನೆ ತಾನೇ ಹೊಸದು ಇಟ್ಟಿದೀನಿ!”

ಆ ಹತ್ತಿ ಮುಟ್ಟಿ ನೋಡುವ ತನಕ ಲಾರಿ ಅಲುಗುವುದಿಲ್ಲ. ಹಿಂದೆ ಹಾರನ್ನುಗಳ ಮೆರವಣಿಗೆ.

“ಚೆಕಿಂಗಲ್ಲಿ ಒಂದ್ಸಲ ಫೇಲಾದ್ರೆ ಅವತ್ತೇ ಸ್ಟೇರಿಂಗ್ ಬಿಡ್ತೀನಿ ಮಾರಾಯ” ಎಂಬುದು ಅವನ ಶಪಥ. ಮಾಮು ಮನೆಯಲ್ಲೇ ಕೂತರೆ ಸೋಫಾಕ್ಕೂ ರಿವರ್ಸ್ ಹಾರನ್ ಹಾಕಿಸಿಯಾನು ಎಂದು ಮಾಮಿಗೆ ಭಯ!

ದಾಖಲೆಗಳು ಮಳೆಗೆ ನೆನೆಯಬಾರದಲ್ಲ, ಅದಕ್ಕೇ ಅವೆಲ್ಲ ಊಟದ ಕ್ಯಾರಿಯರಿನಲ್ಲಿ. ಒಂದು ದಿನ ಕ್ಯಾರಿಯರು ಅದಲುಬದಲಾಯಿತು. ಇನ್ಸ್‌ಪೆಕ್ಟರು ಮುಚ್ಚಳ ತೆಗೆದರೆ ಬದನೆಕಾಯಿ ಪಲ್ಯ!

“ಇದರ ವ್ಯಾಲಿಡಿಟಿ ಎಲ್ಲೀ ತನಕ?”

“ಮಧ್ಯಾಹ್ನದ ತನಕ ಸಾರ್.”

ಅಷ್ಟರಲ್ಲಿ ಮಾಮಿ ಆಟೋ ಹಿಡಿದು, ಅಸಲಿ ಕ್ಯಾರಿಯರ್ ತಂದು, ಶಪಥ ಉಳಿಸಿದಳು. ತನ್ನ ಸೋಫಾವನ್ನೂ!

ಕಳೆದ ತಿಂಗಳು ನಾನೂ ಲಾರಿಯಲ್ಲಿದ್ದೆ. ಎದುರಿನ ಲಾರಿ ಎರಡು ಸಲ ಲೈಟ್ ಮಿಟುಕಿಸಿತು. ಮಾಮು ಬಾಚಣಿಗೆ ತೆಗೆಯಲಿಲ್ಲ.

“ಮಾಮು, ಲೈಟ್ ಹಾಕಿದ್ನಲ್ಲ!”

“ಹಾಕಿದ್ನಾ?” ಎಂದವನು ಕಣ್ಣುಜ್ಜಿಕೊಂಡು ಗಾಡಿ ನಿಧಾನ ಮಾಡಿದ.

ಇನ್ಸ್‌ಪೆಕ್ಟರು ಎಂದಿನಂತೆ ಹೋಗು ಎಂದರು. ಮಾಮು ಕೆಳಗಿಳಿದ.

“ಇವತ್ತು ಗಾಡಿ ಬೇಡ ಸಾರ್. ನನ್ನ ಕಣ್ಣು ಚೆಕ್ ಮಾಡಿ.”

ಅವರು ನಗುತ್ತಾ ದೂರದ ಬೋರ್ಡು ತೋರಿಸಿದರು. “ಓದು ನೋಡೋಣ.”

ಮೂವತ್ತು ವರ್ಷ ದಿನಾ ದಾಟಿದ ಬೋರ್ಡು! ಕಣ್ಣು ಮುಚ್ಚಿಕೊಂಡೂ ಹೇಳಬಹುದಿತ್ತು. ಹೇಳಿಬಿಡು ಮಾಮು, ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

“ಭದ್ರಾವತಿ ಒಂಬತ್ತು ಅಂತ ಗೊತ್ತು ಸಾರ್. ಆದ್ರೆ ಕಾಣ್ತಾ ಇಲ್ಲ.”

ಕೀಲಿ ತೆಗೆದು ಅವರ ಕೈಗಿಟ್ಟ. ಇನ್ಸ್‌ಪೆಕ್ಟರ ನಗು ನಿಂತಿತು.

“ಪೊರೆ ಬಂದಿರ್ಬೇಕು ಕಣಯ್ಯಾ. ತೆಗೆಸ್ಕೊಂಡು ಬಾ, ನಿನ್ನ ಗಾಡಿ ನಾನೇ ನಿಲ್ಲಿಸ್ತೀನಿ” ಎಂದರು. ಆಮೇಲೆ ಯಾರೂ ಕೇಳದೆಯೇ ಕ್ಯಾಬಿನ್ನಿನೊಳಗೆ ಬಗ್ಗಿ, ಡಬ್ಬಿ ತೆರೆದು, ಹತ್ತಿಯನ್ನು ಮುಟ್ಟಿ ನೋಡಿದರು.

“ಎಲ್ಲಾ ಸರಿಯಾಗಿದೆ.”

ಮಾಮು ಆಗ ಅತ್ತುಬಿಟ್ಟ. ನಾನೂ.